ಬ್ಲಡ್ ಕ್ಯಾನ್ಸರ್‌ಗೆ ಉಚಿತ ಮಾತ್ರೆ? ಫಾರ್ವರ್ಡ್ ಹೇಳದೇ ಬಿಟ್ಟ ಯಲ್ಲಾಪ್ರಗಡ ಸುಬ್ಬರಾವ್ ಅವರ ಕಥೆ

ಗಲಗಲಿಯಿಂದ ಓದುಗರೊಬ್ಬರು ನಮಗೆ ವಾಟ್ಸ್ಆಪ್‌ನಲ್ಲಿ ಒಂದು ಸಂದೇಶ ಕಳಿಸಿ, ಇದು ನಿಜವೇ ಎಂದು ಕೇಳಿದ್ದರು. ಇಮಿಟಿನೆಫ್ ಮರ್ಸಿಲೆಟ್ ಎಂಬ ಔಷಧಿ ಬ್ಲಡ್ ಕ್ಯಾನ್ಸರ್ ಅನ್ನು ಗುಣಪಡಿಸುತ್ತದೆ, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯಲ್ಲಿ ಅದು ಉಚಿತವಾಗಿ ಸಿಗುತ್ತದೆ, ಎಲ್ಲರಿಗೂ ಹಂಚಿ ಪುಣ್ಯ ಕಟ್ಟಿಕೊಳ್ಳಿ ಎಂಬುದು ಅದರ ಸಾರ. ನಿಮ್ಮ ಫೋನಿಗೂ ಇದು ಒಂದಲ್ಲ ಒಂದು ಸಲ ಬಂದಿರಬಹುದು. ವರ್ಷಗಳಿಂದ ಇಂಗ್ಲಿಷ್, ಹಿಂದಿ, ಕನ್ನಡ ಎನ್ನದೆ ಎಲ್ಲ ಭಾಷೆಗಳಲ್ಲೂ ಸುತ್ತುತ್ತಿರುವ ಸಂದೇಶವಿದು.

ನಾವು ಅವರಿಗೆ ಫೋನ್ ಮಾಡಿದೆವು. ಅವರ ಅಣ್ಣನ ಮಗಳಿಗೆ ರಕ್ತದ ಕ್ಯಾನ್ಸರ್. ಚಿಕಿತ್ಸೆ ಶುರುವಾಗಿ ಒಂದು ವರ್ಷ ದಾಟಿದೆ. ಉದುರಿದ ಕೂದಲು ಮತ್ತೆ ಬಂದಿದೆ, ಹುಡುಗಿ ಓಡಾಡುತ್ತಿದ್ದಾಳೆ, ಶಾಲೆಗೆ ಹೋಗುತ್ತೇನೆ ಎಂದು ಹಟ ಮಾಡುತ್ತಿದ್ದಾಳೆ. ಆದರೂ ಡಾಕ್ಟರು ಮಾತ್ರೆ ನಿಲ್ಲಿಸಲು ಬಿಡುತ್ತಿಲ್ಲ. ದಿನಕ್ಕೊಂದು ಮಾತ್ರೆ, ಅದರ ಜೊತೆ ವಾರಕ್ಕೊಮ್ಮೆ ಸಣ್ಣ ಹಳದಿ ಮಾತ್ರೆಗಳು. ಆಸ್ಪತ್ರೆಗೆ ಹೋಗಿಬರುವ ಖರ್ಚು ಬೇರೆ. ಈ ಹಳೇ ಮಾತ್ರೆ ಬಿಟ್ಟು ಚೆನ್ನೈಗೆ ಹೋಗಿ ಆ ಹೊಸ ಮಾತ್ರೆ ತಂದರೆ ಹೇಗೆ ಎಂದು ಮನೆಯಲ್ಲಿ ಚರ್ಚೆ ನಡೆದಿತ್ತು. ಹುಡುಗಿಯ ಕಾಕಾ ನಮ್ಮನ್ನು ಕೇಳಿದ್ದು ಆ ಕಾರಣಕ್ಕೆ. (ಕುಟುಂಬದ ಗುರುತು ಸಿಗಬಾರದೆಂದು ಉಳಿದ ವಿವರಗಳನ್ನು ಬಿಟ್ಟಿದ್ದೇವೆ.)

ಒಂದು ಫಾರ್ವರ್ಡ್‌ನಿಂದ ಒಂದು ಮಗುವಿನ ಚಿಕಿತ್ಸೆ ನಿಲ್ಲುವುದರಲ್ಲಿತ್ತು. ಆದ್ದರಿಂದ ಇದಕ್ಕೆ ಸುಳ್ಳು ಎಂಬ ಒಂದು ಮುದ್ರೆ ಒತ್ತಿ ಸುಮ್ಮನಾಗುವುದು ಸರಿಯಲ್ಲ ಎನಿಸಿತು. ಆ ಹಳದಿ ಮಾತ್ರೆ ಎಲ್ಲಿಂದ ಬಂತು, ಫಾರ್ವರ್ಡ್‌ನಲ್ಲಿರುವ ಮಾತ್ರೆ ಯಾವುದು ಎಂಬುದನ್ನು ಪೂರ್ತಿ ಹೇಳಬೇಕಾದರೆ ಒಬ್ಬ ಮನುಷ್ಯನ ಬದುಕಿನ ಕಥೆ ಹೇಳಬೇಕು. ಅವರ ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ಮೊದಲು ಫಾರ್ವರ್ಡ್ ವಿಷಯ

ಇಮಿಟಿನೆಫ್ ಮರ್ಸಿಲೆಟ್ ಎಂಬ ಹೆಸರಿನ ಔಷಧಿಯೇ ಇಲ್ಲ. ಆದರೆ ಇಮ್ಯಾಟಿನಿಬ್ ಮೆಸಿಲೇಟ್ ಎಂಬ ಔಷಧಿ ಇದೆ. ಯಾರೋ ಟೈಪ್ ಮಾಡುವಾಗ ಹೆಸರು ಕೆಡಿಸಿದ್ದಾರೆ, ಮುಂದಿನವರು ಅದನ್ನೇ ಕಳಿಸುತ್ತಾ ಬಂದಿದ್ದಾರೆ. ಇಮ್ಯಾಟಿನಿಬ್ ಬಾಯಿಯಿಂದ ನುಂಗುವ ಮಾತ್ರೆ. ರಕ್ತದ ಕ್ಯಾನ್ಸರ್‌ನ ಒಂದು ನಿರ್ದಿಷ್ಟ ಬಗೆಗೆ ಅದು ಬಹಳ ಒಳ್ಳೆಯ ಔಷಧಿ. ಎಲ್ಲ ಬಗೆಗೂ ಅಲ್ಲ. ಅಡ್ಯಾರ್ ಸಂಸ್ಥೆಗೆ ಮಾತ್ರ ಸೀಮಿತವಾದದ್ದೂ ಅಲ್ಲ, ದೇಶದ ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ಹೋದವರಿಗೆಲ್ಲ ಉಚಿತವಾಗಿ ಕೊಡುತ್ತಾರೆ ಎಂಬುದೂ ಸರಿಯಲ್ಲ. ಈ ಸಂದೇಶ ತಪ್ಪು ಎಂದು ಆ ಸಂಸ್ಥೆಯೇ ಸ್ಪಷ್ಟಪಡಿಸಿದೆ.

ಅಂದರೆ ಇದು ಪೂರ್ತಿ ಸುಳ್ಳಲ್ಲ, ಅರೆಬರೆ ನಿಜ. ಪೂರ್ತಿ ಸುಳ್ಳನ್ನು ಜನ ಹೇಗೋ ಗುರುತಿಸುತ್ತಾರೆ. ಅರೆಬರೆ ನಿಜವನ್ನು ಗುರುತಿಸುವುದು ಕಷ್ಟ.

ಭೀಮಾವರಂನ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮಾವರಂನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮನೆತುಂಬ ಮಕ್ಕಳು. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ನೌಕರ. ಅನಾರೋಗ್ಯದಿಂದ ಬೇಗ ನೌಕರಿ ಬಿಟ್ಟರು, ಮನೆಯಲ್ಲಿ ಕಷ್ಟ ಶುರುವಾಯಿತು.

ಹುಡುಗನಿಗೆ ಓದಿಗಿಂತ ಹಣ ಮಾಡುವ ಆಸೆ ಹೆಚ್ಚು. ಹದಿಮೂರರ ಆಸುಪಾಸಿನಲ್ಲಿ ಮನೆ ಬಿಟ್ಟು ಕಾಶಿಯತ್ತ ಹೊರಟ. ಅಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಶ್ರೀಮಂತನಾಗುವ ಲೆಕ್ಕಾಚಾರ. ದಾರಿಯಲ್ಲೇ ಸಿಕ್ಕಿಬಿದ್ದ. ತಾಯಿ ವೆಂಕಮ್ಮ ಹಿಡಿದು ತಂದು ಮತ್ತೆ ಶಾಲೆಗೆ ಕೂರಿಸಿದರು. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ. ಮೂರನೇ ಸಲ, ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಪಾಸಾದ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಸುಬ್ಬರಾವ್ ರಾಮಕೃಷ್ಣ ಮಿಷನ್ನಿನತ್ತ ಒಲಿದರು. ಸನ್ಯಾಸಿಯಾಗಬೇಕೆಂದುಕೊಂಡರು. ತಾಯಿ ಒಪ್ಪಲಿಲ್ಲ. ವೈದ್ಯಕೀಯ ಓದಿದರೆ ಅದೂ ಜನಸೇವೆಯೇ ಎಂಬ ಮಾತು ಅವರನ್ನು ಮದ್ರಾಸ್ ಮೆಡಿಕಲ್ ಕಾಲೇಜಿಗೆ ತಂದಿತು. ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯನ್ನು 1954ರಲ್ಲಿ ಕಟ್ಟಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರೂ ಅದೇ ಕಾಲೇಜಿನಲ್ಲಿ, ಸುಬ್ಬರಾವ್ ಅವರಿಗಿಂತ ಕೆಲವು ವರ್ಷ ಮೊದಲು ಓದಿದವರು. ಫಾರ್ವರ್ಡ್‌ನಲ್ಲಿರುವ ಸಂಸ್ಥೆಗೂ ಗಲಗಲಿಯ ಹುಡುಗಿ ನುಂಗುವ ಹಳದಿ ಮಾತ್ರೆಗೂ ಹೀಗೆ ಒಂದೇ ಕಾಲೇಜಿನ ನಂಟಿದೆ.

ಖಾದಿ ತೊಟ್ಟದ್ದಕ್ಕೆ ಕೈತಪ್ಪಿದ ಪದವಿ

ಸುಬ್ಬರಾವ್ 1919ರಲ್ಲಿ ಶೇಷಗಿರಿ ಎಂಬವರನ್ನು ಮದುವೆಯಾದರು. ಮಾವ ಕಸ್ತೂರಿ ಸೂರ್ಯನಾರಾಯಣ ಮೂರ್ತಿ ಅಳಿಯನ ಓದಿಗೆ ನೆರವಾದರು. ಅದು ಗಾಂಧೀಜಿಯವರ ಕರೆಗೆ ದೇಶವೇ ಓಗೊಡುತ್ತಿದ್ದ ಕಾಲ. ಸುಬ್ಬರಾವ್ ಆಪರೇಷನ್ ಕೋಣೆಯಲ್ಲೂ ಖಾದಿ ಉಡುಪು ತೊಟ್ಟರು. ಶಸ್ತ್ರಚಿಕಿತ್ಸೆಯ ಬ್ರಿಟಿಷ್ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿ ಮಾಡಿದ್ದರೂ ಸುಬ್ಬರಾವ್ ಅವರಿಗೆ ಪೂರ್ಣ ಎಂಬಿಬಿಎಸ್ ಸಿಗಲಿಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿ ಸಿಕ್ಕಿತು. ಸರ್ಕಾರಿ ವೈದ್ಯ ಸೇವೆಗೆ ಸೇರುವ ಪ್ರಯತ್ನ ಕೈಗೂಡಲಿಲ್ಲ. ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಶರೀರರಚನಾಶಾಸ್ತ್ರ ಪಾಠ ಮಾಡುವ ಕೆಲಸ ಹಿಡಿದರು.

ಅಷ್ಟರಲ್ಲಿ ಮನೆಯಲ್ಲಿ ದೊಡ್ಡ ಆಘಾತವಾಗಿತ್ತು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸೋದರರು ತೀರಿಕೊಂಡರು. ಅವರಲ್ಲಿ ಪುರುಷೋತ್ತಮನನ್ನು ಬಲಿ ತೆಗೆದುಕೊಂಡದ್ದು ಸ್ಪ್ರೂ ಎಂಬ ಕಾಯಿಲೆ. ಅದರಲ್ಲಿ ಕರುಳು ಆಹಾರದ ಸತ್ವ ಹೀರುವುದನ್ನು ನಿಲ್ಲಿಸುತ್ತದೆ. ಬಿಡದ ಭೇದಿ, ರಕ್ತಹೀನತೆ, ದಿನದಿಂದ ದಿನಕ್ಕೆ ಸವೆಯುವ ದೇಹ. ಆಗ ಅದಕ್ಕೆ ಸರಿಯಾದ ಔಷಧಿ ಯಾರ ಬಳಿಯೂ ಇರಲಿಲ್ಲ. ಈ ಕಾಯಿಲೆಯ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಬೋಸ್ಟನ್‌ನ ರಾತ್ರಿ ಪಾಳಿ

1920ರ ದಶಕದ ಆರಂಭದಲ್ಲಿ, ಮಾವನ ಹಣ ಮತ್ತು ಕಾಕಿನಾಡದ ಒಂದು ಧರ್ಮದತ್ತಿಯ ನೆರವಿನಿಂದ ಸುಬ್ಬರಾವ್ ಅಮೆರಿಕದ ಬೋಸ್ಟನ್ ತಲುಪಿದರು. ಹೆಂಡತಿಯನ್ನು ಊರಿನಲ್ಲೇ ಬಿಟ್ಟು ಹೋಗಿದ್ದರು. ಆಮೇಲೆ ಹುಟ್ಟಿದ ಗಂಡುಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ತಂದೆ ಮಗನ ಮುಖ ನೋಡಲಿಲ್ಲ. ಸುಬ್ಬರಾವ್ ಮತ್ತೆಂದೂ ಭಾರತಕ್ಕೆ ಬರಲಿಲ್ಲ. ಶೇಷಗಿರಿಯವರು ಕಾಯುತ್ತಲೇ ಉಳಿದರು. ಸಾಧಕರ ಕಥೆ ಹೇಳುವ ಫಾರ್ವರ್ಡ್‌ಗಳು ಸಾಮಾನ್ಯವಾಗಿ ಈ ಭಾಗವನ್ನು ಬಿಟ್ಟುಬಿಡುತ್ತವೆ.

ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳ ಕೋರ್ಸಿಗೆ ಸೇರಿದರು. ಅವರ ಪದವಿಯ ಮೇಲೆ ಅಲ್ಲಿ ವೈದ್ಯ ವೃತ್ತಿ ಮಾಡುವಂತಿರಲಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಆಳಾಗಿ, ರೋಗಿಗಳ ಮಲಮೂತ್ರದ ಪಾತ್ರೆ ಖಾಲಿ ಮಾಡುವ ಕೆಲಸ ಮಾಡಿದರು. ಹಗಲು ಹೊತ್ತು ಪ್ರಯೋಗಾಲಯ.

ಅಲ್ಲಿ ಸೈರಸ್ ಫಿಸ್ಕೆ ಎಂಬ ವಿಜ್ಞಾನಿಯ ಜೊತೆ ಸೇರಿ ಮಾಡಿದ ಮೊದಲ ಕೆಲಸವೇ ಹೆಸರು ತಂದಿತು. ರಕ್ತ ಮತ್ತು ಮೂತ್ರದಲ್ಲಿ ರಂಜಕ, ಅಂದರೆ ಫಾಸ್ಫರಸ್ ಎಷ್ಟಿದೆ ಎಂದು ಬಣ್ಣದ ಗಾಢತೆ ನೋಡಿ ಅಳೆಯುವ ವಿಧಾನ ಅದು. 1925ರಲ್ಲಿ ಪ್ರಕಟವಾದ ಅದಕ್ಕೆ ಫಿಸ್ಕೆ-ಸುಬ್ಬರಾವ್ ವಿಧಾನ ಎಂದೇ ಹೆಸರು. ಜೀವರಸಾಯನಶಾಸ್ತ್ರ ಓದುವ ನಮ್ಮ ವಿದ್ಯಾರ್ಥಿಗಳು ಇಂದಿಗೂ ಈ ಹೆಸರು ಬಾಯಿಪಾಠ ಮಾಡುತ್ತಾರೆ.

ಅದೇ ವಿಧಾನ ಹಿಡಿದು ಇಬ್ಬರೂ ಸ್ನಾಯುಗಳ ಒಳಗೆ ನೋಡಿದರು. 1927ರಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ಅವರಿಗೆ ಸಿಕ್ಕವು. ನಮ್ಮ ಪ್ರತಿ ಜೀವಕೋಶವೂ ಶಕ್ತಿಯ ವ್ಯವಹಾರ ನಡೆಸುವ ನಾಣ್ಯ ಎಟಿಪಿ. 1930ರಲ್ಲಿ ಅವರಿಗೆ ಪಿಎಚ್‌ಡಿ ಬಂತು. ಆದರೆ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಕೊನೆಗೂ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಎಂಬ ಔಷಧಿ ಕಂಪನಿಯ ಪ್ರಯೋಗಾಲಯಕ್ಕೆ ಸೇರಿದರು. ಸ್ವಲ್ಪ ಕಾಲದಲ್ಲೇ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು.

ಸೊಪ್ಪಿನೊಳಗಿನ ಸತ್ವ

ಈಗ ಮುಂಬೈ ಕಡೆ ಬರೋಣ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಯೀಸ್ಟ್‌ನ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. ಯೀಸ್ಟ್‌ನಲ್ಲಿ ಏನೋ ಒಂದು ಸತ್ವವಿದೆ ಎಂದು ಗೊತ್ತಾಯಿತು, ಅದೇನು ಎಂದು ಗೊತ್ತಾಗಲಿಲ್ಲ. ಮುಂದೆ ಪಾಲಕ್ ಸೊಪ್ಪಿನಿಂದ ಅಂಥದೇ ಒಂದು ವಸ್ತುವನ್ನು ಬೇರ್ಪಡಿಸಿದ ವಿಜ್ಞಾನಿಗಳು ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎಂದರೆ ಎಲೆ.

ಅದನ್ನು ಸೊಪ್ಪಿನಿಂದಲೋ ಪ್ರಾಣಿಗಳ ಯಕೃತ್ತಿನಿಂದಲೋ ತೆಗೆದರೆ ಸಿಗುತ್ತಿದ್ದುದು ಚೂರುಪಾರು. ಔಷಧಿಯಾಗಿ ಎಲ್ಲರಿಗೂ ಸಿಗಬೇಕಾದರೆ ಪ್ರಯೋಗಾಲಯದಲ್ಲೇ ತಯಾರಿಸಬೇಕಿತ್ತು. ಸುಬ್ಬರಾವ್ ನೇತೃತ್ವದ ತಂಡ 1945ರಲ್ಲಿ ಅದನ್ನು ಸಾಧಿಸಿತು. ಆ ಫೋಲಿಕ್ ಆಮ್ಲ ಸ್ಪ್ರೂ ಕಾಯಿಲೆಯವರಿಗೂ ಗುಣ ಕೊಟ್ಟಿತು. ತಮ್ಮ ಸೋದರನನ್ನು ಕೊಂದ ಕಾಯಿಲೆಗೆ ಸುಮಾರು ಕಾಲು ಶತಮಾನದ ಬಳಿಕ ಸುಬ್ಬರಾವ್ ಮದ್ದು ಕೈಯಲ್ಲಿ ಹಿಡಿದಿದ್ದರು.

ಇಂದು ಆಶಾ ಕಾರ್ಯಕರ್ತೆ ಗರ್ಭಿಣಿಯರ ಕೈಗೆ ಕೊಡುವ ಕೆಂಪು ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇರುತ್ತದೆ. ಜಮಖಂಡಿಯಲ್ಲಿರಲಿ, ಬೀಳಗಿಯಲ್ಲಿರಲಿ, ಆ ಮಾತ್ರೆ ಮುಟ್ಟದ ಮನೆ ಇಲ್ಲ.

ಕೊಟ್ಟರೆ ಹೆಚ್ಚಾಯಿತು, ತಡೆದರೆ ಕಡಿಮೆಯಾಯಿತು

ರಕ್ತ ತಯಾರಾಗುವುದು ಎಲುಬಿನ ಮಜ್ಜೆಯಲ್ಲಿ. ಅಲ್ಲಿ ಬಿಳಿ ರಕ್ತಕಣಗಳು ಪೂರ್ತಿ ಬೆಳೆಯದೆ, ಲಂಗುಲಗಾಮಿಲ್ಲದೆ ಹೆಚ್ಚುವುದೇ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್‌ನ ಒಂದು ದೊಡ್ಡ ಗುಂಪು. 1940ರ ದಶಕದಲ್ಲಿ ಮಕ್ಕಳಿಗೆ ತೀವ್ರ ಲ್ಯುಕೇಮಿಯಾ ಬಂದರೆ ಕೆಲವೇ ವಾರ, ತಿಂಗಳಲ್ಲಿ ಸಾವು. ಡಾಕ್ಟರು ರಕ್ತ ಕೊಟ್ಟು, ನೋವು ಕಡಿಮೆ ಮಾಡುವುದು ಬಿಟ್ಟರೆ ಬೇರೆ ಏನೂ ಮಾಡುವಂತಿರಲಿಲ್ಲ.

ಬೋಸ್ಟನ್‌ನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಒಂದು ಪ್ರಯತ್ನ ಮಾಡಿದರು. ಫೋಲಿಕ್ ಆಮ್ಲ ರಕ್ತಹೀನತೆಗೆ ಒಳ್ಳೆಯದು, ರಕ್ತಕಣ ಬೆಳೆಯಲು ನೆರವಾಗುತ್ತದೆ. ಹಾಗಾದರೆ ಲ್ಯುಕೇಮಿಯಾಕ್ಕೂ ಒಳ್ಳೆಯದಾಗಬಹುದೇ? ಸುಬ್ಬರಾವ್ ತಂಡ ತಯಾರಿಸಿದ ಫೋಲಿಕ್ ಆಮ್ಲದ ರೂಪಗಳನ್ನು ಕೊಟ್ಟು ನೋಡಿದರು. ಆದದ್ದು ತದ್ವಿರುದ್ಧ. ಕೆಲವು ಮಕ್ಕಳಲ್ಲಿ ಕಾಯಿಲೆ ಇನ್ನೂ ಜೋರಾಯಿತು.

ಆ ಸೋಲಿನಿಂದ ಒಂದು ಸುಳಿವು ಸಿಕ್ಕಿತು. ಹೊಸ ಜೀವಕೋಶ ಹುಟ್ಟಬೇಕಾದರೆ ಡಿಎನ್ಎ ನಕಲಾಗಬೇಕು, ಅದಕ್ಕೆ ಫೋಲಿಕ್ ಆಮ್ಲ ಬೇಕು. ಕ್ಯಾನ್ಸರ್ ಕಣಗಳು ಬೇಗಬೇಗ ಹೆಚ್ಚುವುದರಿಂದ ಅವುಗಳಿಗೆ ಅದರ ಹಸಿವು ಜಾಸ್ತಿ. ಹಾಗಾದರೆ ಅದನ್ನು ಸಿಗದಂತೆ ಮಾಡಿದರೆ? ನೋಡಲು ಫೋಲಿಕ್ ಆಮ್ಲದಂತೆಯೇ ಇರುವ, ಆದರೆ ಅದರ ಕೆಲಸ ಮಾಡದ ಒಂದು ವಸ್ತು ಕೊಟ್ಟರೆ ಕಣ ಮೋಸಹೋಗುತ್ತದೆ. ಬೀಗದೊಳಗೆ ತಪ್ಪು ಕೀಲಿ ಸಿಕ್ಕಿಕೊಂಡಂತೆ. ಸರಿಯಾದ ಕೀಲಿ ಒಳಗೆ ಹೋಗುವುದಿಲ್ಲ, ಬಾಗಿಲು ತೆರೆಯುವುದಿಲ್ಲ.

ಅಂಥ ತಪ್ಪು ಕೀಲಿಗಳು ಲೆಡರ್ಲೆಯಲ್ಲಿ ತಯಾರಾಗುತ್ತಿದ್ದವು. ಡೋರಿಸ್ ಸೀಗರ್ ಮತ್ತು ಸಂಗಡಿಗರು ತಯಾರಿಸಿದ ಅಮಿನಾಪ್ಟೆರಿನ್ ಅವುಗಳಲ್ಲಿ ಒಂದು. 1947ರ ಕೊನೆಗೆ ಅದು ಫಾರ್ಬರ್ ಕೈಗೆ ಬಂತು. 16 ಮಕ್ಕಳಿಗೆ ಕೊಟ್ಟರು, 10 ಮಕ್ಕಳಲ್ಲಿ ಕಾಯಿಲೆ ಹಿಂದೆ ಸರಿಯಿತು. 1948ರ ಜೂನ್‌ನಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆ ಸುಧಾರಣೆ ಬಹಳ ದಿನ ನಿಲ್ಲಲಿಲ್ಲ, ಕಾಯಿಲೆ ಮರಳಿ ಬಂತು. ಆದರೂ ಔಷಧಿಯಿಂದ ಲ್ಯುಕೇಮಿಯಾವನ್ನು ಹಿಮ್ಮೆಟ್ಟಿಸಬಹುದು ಎಂಬುದು ಮೊದಲ ಬಾರಿಗೆ ಖಚಿತವಾಯಿತು. ಆಗ ಹಲವು ವೈದ್ಯರು ಇದನ್ನು ನಂಬಲೇ ಇಲ್ಲ.

ಅದೇ ಪ್ರಯೋಗಾಲಯದಿಂದ ಬಂದ, ಅಮಿನಾಪ್ಟೆರಿನ್‌ಗಿಂತ ಸುರಕ್ಷಿತವಾದ ಅದರ ಒಡಹುಟ್ಟು ಮೆಥೊಟ್ರೆಕ್ಸೇಟ್. ಗಲಗಲಿಯ ಹುಡುಗಿ ವಾರಕ್ಕೊಮ್ಮೆ ನುಂಗುವ ಸಣ್ಣ ಹಳದಿ ಮಾತ್ರೆ ಅದೇ.

ಆನೆಕಾಲು ಮಾತ್ರೆಯೂ ಅದೇ ಪ್ರಯೋಗಾಲಯದ್ದು

ಕೃಷ್ಣೆಯ ದಂಡೆಯ ನಮ್ಮ ಜನರಿಗೆ ಸುಬ್ಬರಾವ್ ಅವರ ಋಣ ಇನ್ನೊಂದಿದೆ. ಸೊಳ್ಳೆಯಿಂದ ಹರಡುವ ಆನೆಕಾಲು ರೋಗದ ಪಟ್ಟಿಯಲ್ಲಿದ್ದ ಕರ್ನಾಟಕದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು, ವಿಜಯಪುರವೂ ಒಂದು. ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಎದುರಿಗೇ ನುಂಗಿಸುತ್ತಿದ್ದ ಡಿಇಸಿ ಮಾತ್ರೆ ನೆನಪಿದೆಯೇ? 1947ರ ಸುಮಾರಿಗೆ ಹೆಟ್ರಾಜಾನ್ ಎಂಬ ಹೆಸರಿನಲ್ಲಿ ಅದು ಹೊರಬಂದದ್ದು ಸುಬ್ಬರಾವ್ ನಡೆಸುತ್ತಿದ್ದ ಪ್ರಯೋಗಾಲಯದಿಂದಲೇ. ಬೆಂಜಮಿನ್ ಡುಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದ ಆರಿಯೋಮೈಸಿನ್ ಎಂಬ ಆಂಟಿಬಯೋಟಿಕ್ ಕೂಡ ಅಲ್ಲಿಯದೇ. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧಿ ಅದು.

ಇಷ್ಟೆಲ್ಲ ನಡೆಯುವಾಗಲೂ ಸುಬ್ಬರಾವ್ ಹೆಸರು ಪತ್ರಿಕೆಗಳಲ್ಲಿ ಬರುತ್ತಿದ್ದುದು ಕಡಿಮೆ. ಅವರು ಮುಂದೆ ಬಂದು ನಿಲ್ಲುವ ಸ್ವಭಾವದವರಲ್ಲ. ಭಾರತೀಯರಿಗೆ ಅಮೆರಿಕದ ಪೌರತ್ವ ಪಡೆಯುವ ಅವಕಾಶ ತೆರೆದದ್ದೇ 1946ರಲ್ಲಿ. ಆಮೇಲೂ ಅವರು ಭಾರತೀಯ ಪ್ರಜೆಯಾಗಿಯೇ ಉಳಿದರು. 1948ರ ಆಗಸ್ಟ್‌ನಲ್ಲಿ, ಫಾರ್ಬರ್ ಫಲಿತಾಂಶ ಪ್ರಕಟವಾಗಿ ಎರಡು ತಿಂಗಳು ಕಳೆದಾಗ, ಹೃದಯಾಘಾತದಿಂದ ತೀರಿಕೊಂಡರು. ಆಗ ವಯಸ್ಸು 53. ಭಾರತದ ಅಂಚೆ ಇಲಾಖೆ ಅವರ ಜನ್ಮಶತಮಾನೋತ್ಸವದ ಹೊತ್ತಿಗೆ, 1995ರಲ್ಲಿ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ಸುಬ್ಬರಾವ್ ಬಗ್ಗೆಯೂ ಫಾರ್ವರ್ಡ್‌ಗಳಿವೆ

ಇವನ್ನೂ ಪರಿಶೀಲಿಸುವುದು ನಮ್ಮ ಕೆಲಸ. ಸುಬ್ಬರಾವ್ ಎಲ್ಲವನ್ನೂ ಒಬ್ಬರೇ ಕಂಡುಹಿಡಿದರು, ಅಮೆರಿಕದವರು ಕದ್ದರು ಎಂದು ಕೆಲವು ಸಂದೇಶಗಳು ಹೇಳುತ್ತವೆ. ಎಟಿಪಿ ಕೆಲಸ ಫಿಸ್ಕೆ ಜೊತೆಗಿನದು. ಅದೇ 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಎಟಿಪಿ ಕಂಡುಹಿಡಿದಿದ್ದರು. ಫೋಲಿಕ್ ಆಮ್ಲ, ಅಮಿನಾಪ್ಟೆರಿನ್ ದೊಡ್ಡ ತಂಡದ ಫಲ. ಆ ತಂಡಕ್ಕೆ ದಾರಿ ತೋರಿಸಿದವರು ಸುಬ್ಬರಾವ್. ಅವರಿಗೆ ಸಿಗಬೇಕಾದಷ್ಟು ಮನ್ನಣೆ ಬದುಕಿದ್ದಾಗ ಸಿಗಲಿಲ್ಲ ಎಂಬುದಂತೂ ನಿಜ. ಅದನ್ನು ಹೇಳಲು ಸುಳ್ಳು ಸೇರಿಸುವ ಅಗತ್ಯವಿಲ್ಲ.

ಹಾಗಾದರೆ ಇಮ್ಯಾಟಿನಿಬ್ ಏನು?

ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದು ಹೇಗೆ ಎಂದರೆ ಇಡೀ ಕಾಲುವೆಯ ನೀರು ನಿಲ್ಲಿಸಿದಂತೆ. ಕಳೆ ಒಣಗುತ್ತದೆ, ಅದರ ಜೊತೆಗೆ ಕಬ್ಬೂ ಸ್ವಲ್ಪ ಬಾಡುತ್ತದೆ. ಬಾಯಿ ಹುಣ್ಣಾಗುವುದು, ರಕ್ತಕಣ ಇಳಿಯುವುದು ಅದಕ್ಕೇ. ಯಾಕೆಂದರೆ ನಮ್ಮ ಆರೋಗ್ಯವಂತ ಕಣಗಳಿಗೂ ಫೋಲಿಕ್ ಆಮ್ಲ ಬೇಕು.

ಕ್ಯಾನ್ಸರ್ ಕಣದಲ್ಲಿ ಮಾತ್ರ ಇರುವ ದೋಷಕ್ಕೆ ಗುರಿಯಿಡುವ ಮಾತ್ರೆ ಸಿಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್, ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ (ಸಿಎಂಎಲ್) ರೋಗಿಗಳ ಕಣಗಳಲ್ಲಿ ಗಿಡ್ಡಗಾದ ಒಂದು ಕ್ರೋಮೋಸೋಮ್ ಗುರುತಿಸಿದರು. 1973ರಲ್ಲಿ ಜಾನೆಟ್ ರೌಲಿ ಅದರ ಗುಟ್ಟು ಬಿಡಿಸಿದರು. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿದ್ದವು. ಹೀಗೆ ತಪ್ಪಾಗಿ ಅಂಟಿಕೊಂಡ ಜಾಗದಲ್ಲಿ ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟುತ್ತದೆ. ಅದು ತಯಾರಿಸುವ ಪ್ರೋಟೀನು, ಆನ್ ಆಗಿ ಸಿಕ್ಕಿಕೊಂಡ ಪಂಪ್‌ಸೆಟ್ ಸ್ಟಾರ್ಟರ್ ಇದ್ದಂತೆ. ಹೆಚ್ಚು, ಹೆಚ್ಚು ಎಂದು ಕಣಕ್ಕೆ ಹಗಲೂ ರಾತ್ರಿ ಆಜ್ಞೆ ಕೊಡುತ್ತಲೇ ಇರುತ್ತದೆ.

ಇಮ್ಯಾಟಿನಿಬ್ ಆ ಸ್ಟಾರ್ಟರ್‌ನಲ್ಲಿ ಹೋಗಿ ಕೂರುತ್ತದೆ. ಸ್ವಿಚ್ ಆಫ್ ಆಗುತ್ತದೆ. ತಪ್ಪು ಕೀಲಿ ಸಿಕ್ಕಿಸುವ ಹಳೇ ಉಪಾಯವೇ ಇದು, ಆದರೆ ಈ ಸಲ ಕೀಲಿ ಹೋಗಿ ಕೂರುವುದು ಮುಖ್ಯವಾಗಿ ಕೆಟ್ಟ ಬೀಗದಲ್ಲಿ. ನಿಕೋಲಸ್ ಲೈಡನ್, ಬ್ರಯಾನ್ ಡ್ರುಕರ್ ಮತ್ತು ಅವರ ತಂಡಗಳ ಕೆಲಸದ ಫಲವಾಗಿ 1998ರಲ್ಲಿ ಇದು ರೋಗಿಗಳ ಮೇಲಿನ ಪ್ರಯೋಗಕ್ಕೆ ಬಂತು, 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಜೀವ ತೆಗೆಯುತ್ತಿದ್ದ ಸಿಎಂಎಲ್, ಬಿಪಿ, ಶುಗರ್ ಇದ್ದಂತೆ ಮಾತ್ರೆ ನುಂಗುತ್ತಾ ಬದುಕಬಹುದಾದ ಕಾಯಿಲೆಯಾಯಿತು. ಇಂದು ಸಮಯಕ್ಕೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವ ಬಹುಪಾಲು ರೋಗಿಗಳ ಆಯಸ್ಸು ಉಳಿದವರ ಆಯಸ್ಸಿಗೆ ಹತ್ತಿರವಿದೆ.

ಬೆಲೆಯ ವಿಷಯಕ್ಕೂ ಒಂದು ಭಾರತೀಯ ಕಥೆಯಿದೆ. ನೊವಾರ್ಟಿಸ್ ಕಂಪನಿಯ ಗ್ಲೀವೆಕ್ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗುತ್ತಿದ್ದಾಗ, ಭಾರತೀಯ ಕಂಪನಿಗಳ ಜನರಿಕ್ ಮಾತ್ರೆ ಸುಮಾರು 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು. ಪೇಟೆಂಟ್ ಬೇಕೆಂದು ಆ ಕಂಪನಿ ಹೋರಾಡಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪೇಟೆಂಟ್ ನಿರಾಕರಿಸಿತು. ಜನರಿಕ್ ಮಾತ್ರೆ ಉಳಿಯಿತು, ಆಮೇಲೆ ಬೆಲೆ ಇನ್ನೂ ಇಳಿಯಿತು.

ಗಲಗಲಿಯ ಮನೆಗೆ ನಾವು ಹೇಳಿದ್ದು

ಹುಡುಗಿಗೆ ಇರುವುದು ಸಿಎಂಎಲ್ ಅಲ್ಲ. ಮಕ್ಕಳಲ್ಲಿ ಹೆಚ್ಚು ಕಾಣುವ ಎಎಲ್ಎಲ್, ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಆಸ್ಪತ್ರೆಯ ಕಾಗದಗಳಲ್ಲಿ ಅದು ಬರೆದಿತ್ತು. ಎಎಲ್ಎಲ್ ಇರುವವರಲ್ಲಿ ಸ್ವಲ್ಪ ಜನರಲ್ಲಿ ಮಾತ್ರ ಆ ಫಿಲಡೆಲ್ಫಿಯಾ ಕ್ರೋಮೋಸೋಮ್ ಇರುತ್ತದೆ, ಅಂಥವರಿಗೆ ಬೇರೆ ಔಷಧಿಗಳ ಜೊತೆ ಇಮ್ಯಾಟಿನಿಬ್ ಜಾತಿಯ ಮಾತ್ರೆ ಕೊಡುತ್ತಾರೆ. ಈ ಹುಡುಗಿಯ ಪರೀಕ್ಷೆಯಲ್ಲಿ ಅದು ಇಲ್ಲ ಎಂದಿತ್ತು. ಅಂದರೆ ಚೆನ್ನೈಗೆ ಹೋಗಿ ಆ ಮಾತ್ರೆ ತಂದರೂ ಅದು ಕೂರಲು ಅವಳ ಕಣಗಳಲ್ಲಿ ಜಾಗವೇ ಇಲ್ಲ.

ಅವಳು ಈಗ ತೆಗೆದುಕೊಳ್ಳುತ್ತಿರುವುದು ಕಾಯಿಲೆ ಮರಳದಂತೆ ತಡೆಯುವ ಹಂತದ ಔಷಧಿ. ದಿನಕ್ಕೊಂದು ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. 1948ರ ಮಕ್ಕಳಿಗೆ ಇಂಥ ಚಿಕಿತ್ಸೆ ಇರಲಿಲ್ಲ, ಕಾಯಿಲೆ ಮರಳಿ ಬಂತು. ಕಣ್ಣಿಗೆ ಕಾಣದ ಅಳಿದುಳಿದ ಕಣಗಳು ಮಜ್ಜೆಯಲ್ಲಿ ಅಡಗಿರುತ್ತವೆ. ಹಲವು ಔಷಧಿಗಳನ್ನು ಸೇರಿಸಿ ಎರಡು ಮೂರು ವರ್ಷ ಬಿಡದೆ ಚಿಕಿತ್ಸೆ ಕೊಡುವುದನ್ನು ವೈದ್ಯರು ಕಲಿತ ಮೇಲೆ, ಒಳ್ಳೆಯ ಕೇಂದ್ರಗಳಲ್ಲಿ ಐವರು ಮಕ್ಕಳಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಗುಣವಾಗುತ್ತಿದ್ದಾರೆ. ಹುಡುಗಿ ಚೆನ್ನಾಗಿ ಕಾಣುತ್ತಿರುವುದು ಮಾತ್ರೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಮಾತ್ರೆ ಸಾಕು ಎಂಬುದಕ್ಕಲ್ಲ.

ಕಾಕಾ ಕೊನೆಗೆ ಕೇಳಿದ್ದು ಸೊಪ್ಪಿನ ಬಗ್ಗೆ. ಫೋಲಿಕ್ ಆಮ್ಲ ಕ್ಯಾನ್ಸರ್‌ಗೆ ಆಹಾರ ಎಂದಾದರೆ ಹುಡುಗಿಗೆ ಪುಂಡಿಪಲ್ಯ, ಮೆಂತೆಪಲ್ಯ ಹಾಕಬಾರದೇ ಎಂದು. ಹಾಕಬಹುದು. ಮನೆಯ ಬಿಸಿ ರೊಟ್ಟಿ, ಚೆನ್ನಾಗಿ ತೊಳೆದು ಬೇಯಿಸಿದ ಪಲ್ಯ ತೊಂದರೆ ಮಾಡುವುದಿಲ್ಲ. ಡಾಕ್ಟರನ್ನು ಕೇಳದೆ ವಿಟಮಿನ್ ಮಾತ್ರೆ, ಟಾನಿಕ್, ನಾಟಿ ಔಷಧಿ ಕೊಡಬಾರದು ಅಷ್ಟೆ.

ನೀವು ನೆನಪಿಡಬೇಕಾದದ್ದು

* ಬ್ಲಡ್ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ. ಯಾವ ಬಗೆ ಎಂದು ತಿಳಿಯದೆ ಯಾವ ಮಾತ್ರೆಯೂ ಮದ್ದಲ್ಲ.

* ಇಮ್ಯಾಟಿನಿಬ್ ತೆಗೆದುಕೊಳ್ಳುವವರು ಅದನ್ನು ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ, ಡಾಕ್ಟರು ಹೇಳಿದಷ್ಟೇ ತೆಗೆದುಕೊಳ್ಳಬೇಕು. ರಕ್ತದ ವರದಿ ಸರಿಬಂತೆಂದು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ವರ್ಷಗಳ ನಂತರ ಕೆಲವರಿಗೆ ನಿಲ್ಲಿಸಿ ನೋಡುವುದುಂಟು, ಅದು ಬಿಸಿಆರ್-ಎಬಿಎಲ್ ಪರೀಕ್ಷೆಯನ್ನು ಪದೇಪದೇ ಮಾಡುತ್ತಾ ಡಾಕ್ಟರ ಕಣ್ಗಾವಲಿನಲ್ಲಿ ಮಾತ್ರ.

* ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಸಂಧಿವಾತಕ್ಕೂ ಕೊಡುತ್ತಾರೆ. ಅದು ವಾರಕ್ಕೊಮ್ಮೆ. ಮರೆತು ದಿನವೂ ನುಂಗಿ ಜೀವಕ್ಕೆ ಅಪಾಯ ತಂದುಕೊಂಡವರಿದ್ದಾರೆ. ಯಾವ ವಾರ ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಮನೆಯಲ್ಲಿ ಅಜ್ಜ ಅಜ್ಜಿ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇಂದೇ ನೋಡಿ.

* ಈ ಎರಡೂ ಔಷಧಿಗಳು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲವು. ಗರ್ಭಿಣಿಯಾಗುವ ಸಾಧ್ಯತೆ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

* ಖರ್ಚಿನ ಚಿಂತೆಯಿದ್ದರೆ ಚಿಕಿತ್ಸೆ ಬಿಡುವ ಮೊದಲು ಆಸ್ಪತ್ರೆಯಲ್ಲೇ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಮತ್ತು ಜನರಿಕ್ ಔಷಧಿ ಬಗ್ಗೆ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಸರ್ಕಾರಿ ವ್ಯವಸ್ಥೆಯದೇ.

ಆ ಫಾರ್ವರ್ಡ್ ಕಳಿಸಿದವರಲ್ಲಿ ಕೆಟ್ಟ ಉದ್ದೇಶ ಇದ್ದವರು ಬಹುಶಃ ಯಾರೂ ಇಲ್ಲ. ಯಾರಿಗಾದರೂ ಉಪಯೋಗವಾಗಲಿ ಎಂದೇ ಕಳಿಸಿರುತ್ತಾರೆ. ಆದರೆ ಅದನ್ನು ಓದುವವರ ಮನೆಯಲ್ಲಿ ಅರ್ಧ ಮುಗಿದ ಚಿಕಿತ್ಸೆಯೊಂದು ಇರಬಹುದು ಎಂಬುದು ನಮಗೆ ನೆನಪಿರಬೇಕು. ಮುಂದಿನ ಸಲ ಅದು ನಿಮ್ಮ ಗ್ರೂಪಿಗೆ ಬಂದರೆ ಈ ಲೇಖನ ಕಳಿಸಿ.

ಗಲಗಲಿಯ ಕಾಕಾ ಮತ್ತೆ ಮೆಸೇಜ್ ಮಾಡಿದ್ದರು. ಚೆನ್ನೈ ಪ್ರಯಾಣ ರದ್ದಾಗಿದೆ. ಹಳದಿ ಮಾತ್ರೆ ನುಂಗುವ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವ ಕೆಲಸ ಈಗ ಹುಡುಗಿಯದೇ ಅಂತೆ.